ಬೆಳ್ಳಿ ಕಳಚಿದ ಗಡಿಯಾರ

"ಅದನ್ನ ಬೆಳ್ಳಿಯಿಂದ ಹೊರಗೆ ತೆಗೀಬೇಡಪ್ಪ," ಎಂದಳು ಮುದುಕಿ ಲಿಯೋನಿ, ಹೊಸ್ತಿಲಿನ ಆಚೆಯೇ ನಿಂತು. "ಮನೆ ಕೊಂಡಿದ್ದೀಯ. ಗೋಡೆ ಬೇಕಾದ್ರೆ ಕೆಡವಿಕೋ, ಕಿಟಕಿ ಬದಲಾಯಿಸ್ಕೋ. ಆ ಗಡಿಯಾರ ಮಾತ್ರ ಮೊಳೆಗೆ ನೇತಾಡ್ಕೊಂಡಿರ್ಲಿ. ಇಲ್ಲಾ ನಂಗೆ ಕೊಡು, ತಗೊಂಡು ಹೋಗ್ತೀನಿ."

ಗಾಸ್ಪಾರ್‌ಗೆ ನಗು ತಡೆಯಲಾಗಲಿಲ್ಲ. ಸರೋವರದ ದಂಡೆಯ ಲೊಜಾನ್ ಪಟ್ಟಣ ಬಿಟ್ಟು ಜುರಾ ಬೆಟ್ಟದ ಈ ಹಳ್ಳಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ಆಗಲೇ ಬುದ್ಧಿ ಹೇಳುವವರು ಬಾಗಿಲಿಗೆ ಬಂದಿದ್ದರು. ಹಳೆಯ ಜೇಬುಗಡಿಯಾರಗಳ ಯಂತ್ರವನ್ನು ಬಿಡಿಸಿ, ತೊಳೆದು, ಎಣ್ಣೆ ಕೊಟ್ಟು, ಹೊಸ ಉಕ್ಕಿನ ಕೇಸಿನಲ್ಲಿ ಕೂರಿಸಿ ಕೈಗಡಿಯಾರ ಮಾಡುವುದು ಅವನ ಕಸುಬು. ಮನೆಯ ಜೊತೆಗೇ ಬಂದಿದ್ದ ಈ ಜೇಬುಗಡಿಯಾರಕ್ಕೆ ಬೆಳ್ಳಿಯ ಮುಚ್ಚಳವಿತ್ತು. ಮುಚ್ಚಳದ ಜಾತಿಯವಕ್ಕೆ ಕೀ ಕೊಡುವ ತಿರುಪು ಮೂರರ ಅಂಕಿಯ ಪಕ್ಕದಲ್ಲಿರುತ್ತದೆ, ಮಣಿಕಟ್ಟಿಗೆ ಹೇಳಿ ಮಾಡಿಸಿದ ಹಾಗೆ. ಅಂಥದ್ದನ್ನು ಬಿಟ್ಟುಕೊಡಲು ಅವನಿಗೇನು ಹುಚ್ಚೇ?

"ಒಳಗೆ ಏನಿದೆ ಮದಾಮ್? ದೆವ್ವವಾ?"

"ನಮ್ಮಜ್ಜಿ ಜೆಲಿಯ ಮಾತು ಇದೆ." ಲಿಯೋನಿ ದನಿ ತಗ್ಗಿಸಿದಳು. "ಆ ಕಿಟಕೀಲಿ ಕೂತು ಗಡಿಯಾರಕ್ಕೆ ಕೂದಲೆಳೆಯಂಥ ಸ್ಪ್ರಿಂಗ್ ಕೂಡಿಸೋಳು. ಹರಿಯೋ ರಕ್ತ ನಿಲ್ಲಿಸೋ ಗುಟ್ಟಿನ ಮಂತ್ರ ಗೊತ್ತಿತ್ತು ಅವಳಿಗೆ. ಮದುವೆ ಆಗ್ತೀನಿ ಅಂದವನು ಬೇರೆಯವಳ ಜೊತೆ ಹೋದ. ಅವನಿಗೇಂತ ಮಾಡಿದ್ದ ಗಡಿಯಾರದೊಳಗೆ ಇವಳು ಆ ಗುಟ್ಟನ್ನ ತಿರುಗಾ ಮುರುಗಾ ಊದಿಬಿಟ್ಟಳು. ಹುಲ್ಲು ಕೊಯ್ಯೋ ಕಾಲದಲ್ಲಿ ಅವನು ಹಿಂದಿನ ಮುಚ್ಚಳ ಬಿಚ್ಚಿ ಅಂಗೈಮೇಲೆ ಇಟ್ಕೊಂಡು ನೋಡ್ತಿದ್ನಂತೆ. ತೋಳೆಲ್ಲ ಇದ್ದಲಾಗಿ ಸತ್ತ. ಜೆಲಿಯ ಅಪ್ಪ ಅದನ್ನ ದಪ್ಪ ಬೆಳ್ಳೀಲಿ ಮುಚ್ಚಿ, ಪ್ರಾರ್ಥನೆ ಹೇಳಿ, ಮೊಳೆಗೆ ಹಾಕ್ದ. ಚರ್ಮಕ್ಕೆ ತಾಗದಿದ್ರೆ ಅದು ಸುಮ್ನೆ ಇರತ್ತೆ."

ಆ ಗುಟ್ಟು ಈಗ ಲಿಯೋನಿಯ ಬಳಿ ಇತ್ತು. ಊರಿನಲ್ಲಿ ಯಾರಿಗೆ ಗರಗಸ ತಗುಲಿದರೂ ಮೊದಲು ಅವಳಿಗೆ ಫೋನು, ಆಮೇಲೆ ಡಾಕ್ಟರಿಗೆ. ಇದೂ ಗಾಸ್ಪಾರ್‌ನ ಕಿವಿಗೆ ಬಿದ್ದಿತ್ತು.

"ಹಾಗಾದ್ರೆ ಭಯವೇ ಇಲ್ಲ. ಏನಾದ್ರೂ ಆದ್ರೆ ನಿಮಗೇ ಫೋನ್ ಮಾಡ್ತೀನಿ. ಫೀಸು ಎಷ್ಟು?"

"ದುಡ್ಡು ಮುಟ್ಟಬಾರ್ದು. ಮೆರ್ಸಿ ಅಂತಲೂ ಅನ್ನಬಾರ್ದು. ಉಪಕಾರ ಆಯ್ತು ಅಂತ ಬಾಯಿಬಿಟ್ರೆ ಹೋದದ್ದು ಹಾಗೇ ವಾಪಸ್ ಬರತ್ತೆ. ಎರಡನೇ ಸಲ ನನ್ನ ಕೈಲೂ ಆಗಲ್ಲ."

"ಎಂಥಾ ಮರ್ಯಾದೆಗೆಟ್ಟ ಮಂತ್ರ ರೀ ಇದು!" ಗಾಸ್ಪಾರ್ ನಾಟಕದವರ ಹಾಗೆ ಸೊಂಟ ಬಗ್ಗಿಸಿದ. "ಎಚ್ಚರಿಕೆಗೆ ಮೆರ್ಸಿ, ಮದಾಮ್. ಮೆರ್ಸಿ, ಮೆರ್ಸಿ!"

ಧನ್ಯವಾದ ಹೇಳುವ ಆ ಮೆರ್ಸಿ ಅವನ ಬಾಯಿಗೆ ಅಂಟಿದ ಪದ. ಬಸ್ಸಿನ ಚಾಲಕನಿಗೆ ಮೆರ್ಸಿ, ಕಾಫಿ ಕೊಡುವ ಯಂತ್ರಕ್ಕೂ ಮೆರ್ಸಿ. ಹೆಂಡತಿ ನೊಯೆಮಿ ಅದನ್ನೇ ಹಿಡಿದು ದಿನವೂ ಅವನನ್ನು ರೇಗಿಸುತ್ತಿದ್ದಳು. ಮುದುಕಿ ಮಾತ್ರ ಕೆನ್ನೆಗೆ ಹೊಡೆಸಿಕೊಂಡವಳಂತೆ ಹಿಂದೆ ಸರಿದು, ಶಾಲು ಬಿಗಿಮಾಡಿಕೊಂಡು ಹಿಮದಲ್ಲಿ ಇಳಿದುಹೋದಳು.

ಮಾರನೆಯ ಬೆಳಿಗ್ಗೆಯೇ ಅವನು ಗಡಿಯಾರ ಬಿಚ್ಚಿದ. ಹಿಂದಿನ ಮುಚ್ಚಳ ತೆರೆದರೆ ಒಳಗೆ ಇನ್ನೊಂದು. ಅದರ ತುಂಬ ಸೂಜಿಯಿಂದ ಗೀರಿದ ಪುಟ್ಟ ಶಿಲುಬೆಗಳು, ಒಂದರ ಮೇಲೊಂದು, ಬೆಳ್ಳಿಯೇ ಕಾಣದಷ್ಟು. ಎರಡನೆಯದನ್ನು ಮೀಟಿ ತೆಗೆದಾಗ ವಾಸನೆಯೊಂದು ಎದ್ದಿತು. ಹಳೆಯ ಎಣ್ಣೆಯದಲ್ಲ. ಕಟುಕರ ಅಂಗಡಿಯ ಹಲಗೆಯನ್ನು ಬಿಸಿನೀರಲ್ಲಿ ತೊಳೆದಾಗ ಬರುವ ವಾಸನೆ. ಈ ಮನೆಯ ಕಮಾನಿನ ಅಡಿಗೆಮನೆಯಲ್ಲಿ ತಲೆಮಾರುಗಳಿಂದ ಮಾಂಸ ಹೊಗೆಯಾಡಿಸಿದ್ದಾರಲ್ಲ, ಅದೇ ಇರಬೇಕು ಎಂದುಕೊಂಡ. ಕೀ ಕೊಡುವ ಮೊದಲೇ ಚಕ್ರ ಒಮ್ಮೆ ಅಲುಗಿ ನಿಂತಂತೆ ಕಂಡಿತು. ಮೇಜು ಅಲುಗಿರಬೇಕು ಎಂದುಕೊಂಡ. ತಿಳಿದವನಿಗೆ ಎಲ್ಲದಕ್ಕೂ ಒಂದು ಉತ್ತರ ಇದ್ದೇ ಇರುತ್ತದೆ, ಪಾಪ.

ಯಂತ್ರ ಅದ್ಭುತವಾಗಿತ್ತು. ಹೊಸ ಕೇಸಿನ ಬೆನ್ನಿಗೆ ಗಾಜು ಹಾಕಿದ, ಓಡುವ ಚಕ್ರ ಕಾಣಲಿ ಎಂದು. ಬೆಳ್ಳಿಯನ್ನು ಕರಗಿಸುವವನಿಗೆ ಕಳಿಸಿಬಿಟ್ಟ, ಎಲ್ಲ ಹಳೆಯ ಕೇಸುಗಳನ್ನು ಕಳಿಸುವ ಹಾಗೆ. ಆಮೇಲೆ ಚರ್ಮದ ಪಟ್ಟಿ ಬಿಗಿದು ಗಡಿಯಾರವನ್ನು ತನ್ನ ಎಡಗೈಗೇ ಕಟ್ಟಿಕೊಂಡ. ಮಾಡಿದವನು ಕೆಲವು ದಿನ ತೊಟ್ಟು ನೋಡದ ಗಡಿಯಾರವನ್ನು ಗಿರಾಕಿಗೆ ಕೊಡುವುದು ಅವನ ದೃಷ್ಟಿಯಲ್ಲಿ ಪಾಪ. ಮೇಜಿನ ಮೇಲೆ ಸರಿಯಾಗಿ ನಡೆಯುವುದು ಮೈಮೇಲೆ ತಪ್ಪುತ್ತದೆ.

ಇದು ಮೈಮೇಲೆ ಇನ್ನೂ ಚೆನ್ನಾಗಿ ನಡೆಯಿತು. ತಪ್ಪತೊಡಗಿದ್ದು ಅವನೇ. ಕೂತಲ್ಲಿ ಕೂರಲಾಗದು. ಮೆಟ್ಟಿಲು ಹತ್ತಿದರೆ ಟಿಕ್‌ಟಿಕ್ ಜೋರಾಗುತ್ತಿತ್ತು, ಮಲಗಿದರೆ ನಿಧಾನವಾಗುತ್ತಿತ್ತು. ಕೊಟ್ಟಿಗೆಯ ಕಡೆಯಿಂದ ಹಸುವಿನ ಗಂಟೆ ಕೇಳಿಸಿತೆಂದು ಎದ್ದು ಹೋಗುವನು. ಆ ಕೊಟ್ಟಿಗೆಯಲ್ಲಿ ಹಸು ಕಟ್ಟಿ ಎಷ್ಟೋ ಕಾಲವಾಗಿತ್ತು. ಚಿಮುಟ ಹಿಡಿದರೆ ಎಡಗೈಯ ಬೆರಳುಗಳಿಗೆ ಹಿಡಿದದ್ದು ತಿಳಿಯುತ್ತಿರಲಿಲ್ಲ. ಕೂದಲಿಗಿಂತ ಸಣ್ಣ ತಿರುಪನ್ನು ಎತ್ತಿ ಕೂರಿಸುತ್ತಿದ್ದ ಕೈ ಅದು. ಆ ಕೈ ಹೋದರೆ ಅವನ ಬದುಕೇ ಹೋದ ಹಾಗೆ. ನಿಜವಾಗಿ ಅವನಿಗೆ ಹೆದರಿಕೆಯಾಗಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ ಅಷ್ಟೆ.

"ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ?" ನೊಯೆಮಿ ಮುಟ್ಟಿ ಹೌಹಾರಿದಳು. "ತೆಗಿ ಆ ಗಡಿಯಾರ."

"ಚಳಿ ಮಾರಾಯ್ತಿ. ಇದು ಜುರಾ, ಸರೋವರದ ದಂಡೆ ಅಲ್ಲ."

ಆ ಮಧ್ಯಾಹ್ನ ಹಿಮ ಎಷ್ಟು ಸುರಿಯಿತೆಂದರೆ ಊಟದ ಹೊತ್ತಿಗೇ ಕಿಟಕಿ ಕತ್ತಲಾಯಿತು. ದೀಪ ಹೋಯಿತು. ನೊಯೆಮಿ ಮೋಂಬತ್ತಿ ಹಚ್ಚಿದಳು. ಗಾಸ್ಪಾರ್ ಹೊಗೆಯಾಡಿಸಿದ ಸಾಸೇಜು ಕೊಯ್ಯುತ್ತಿದ್ದ. ಚಾಕು ಜಾರಿ ಎಡಗೈ ಹೆಬ್ಬೆರಳಿಗೆ ಆಳವಾಗಿ ಇಳಿಯಿತು.

ಇಬ್ಬರೂ ನೋಡುತ್ತ ನಿಂತರು.

ರಕ್ತ ಬರಲಿಲ್ಲ. ಗಾಯ ಬಾಯಿ ತೆರೆದುಕೊಂಡು ಬೆಳ್ಳಗೆ, ಒಣಗಿ ನಿಂತಿತ್ತು. ನೋವೂ ಇಲ್ಲ. ಟಿಕ್‌ಟಿಕ್ ಮಾತ್ರ. ಅದು ಈಗ ಕಿವಿಯೊಳಗಿತ್ತು.

ಅವನು ಪಟ್ಟಿ ಬಿಚ್ಚಲು ಹೋದ. ಬಕಲು ಅಲುಗಲಿಲ್ಲ. ನೊಯೆಮಿ ಕತ್ತರಿ ತಂದಳು. ಕತ್ತರಿಯ ಬಾಯಿ ಚರ್ಮದ ಮೇಲೆ ಜಾರಿತು. ಮತ್ತೆ ಜಾರಿತು. ಉಗುರುಗಳು ನೀಲಿಯಾದವು. ಆಮೇಲೆ ಕಪ್ಪಾದವು. ಕಪ್ಪು ಮೇಲೇರಿತು. ಬೆರಳು. ಅಂಗೈ. ಗಾಜಿನ ಬೆನ್ನು ಮಾಂಸದೊಳಗೆ ಕಂತುತ್ತಿತ್ತು. ಮೋಂಬತ್ತಿಯ ಹೊಗೆಯನ್ನೂ ಮೀರಿ ಆ ವಾಸನೆ, ತೊಳೆದ ಹಲಗೆಯ ವಾಸನೆ.

"ಲಿಯೋನಿ," ಎಂದ ಅವನು. ದನಿ ಅವನದೇ ಅನ್ನಿಸಲಿಲ್ಲ. "ಫೋನ್ ಮಾಡು. ಆಂಬುಲೆನ್ಸ್ ಆಮೇಲೆ. ಮೊದಲು ಲಿಯೋನಿ!"

ನೊಯೆಮಿ ಮೊಬೈಲನ್ನು ಅವನ ಕಿವಿಗೆ ಒತ್ತಿ ಹಿಡಿದಳು. ಆ ಕಡೆ ಮುದುಕಿ ಕೇಳಿದ್ದು ಒಂದೇ ಪ್ರಶ್ನೆ.

"ಬೆಳ್ಳಿ ಎಲ್ಲಿ?"

"ಕರಗಿಸಿದೆ."

ನಿಟ್ಟುಸಿರು ಕೇಳಿಸಿತು. ಆಮೇಲೆ ಪಿಸುಪಿಸು. ಪದಗಳು ತಿಳಿಯಲಿಲ್ಲ. ಒಣ ಎಲೆ ಎಳೆದ ಹಾಗೆ ಸದ್ದು. ಟಿಕ್‌ಟಿಕ್ ಓಡಿತು, ಎಡವಿತು, ಮತ್ತೆ ಓಡಿತು. ಕಪ್ಪು ಮೊಣಕೈಯ ಹತ್ತಿರ ಬಂದಿತ್ತು. ನಿಂತಿತು. ಇಳಿಯತೊಡಗಿತು. ಕೈಗೆ ಬೆಂಕಿ ಬಿದ್ದಂತಾಯಿತು. ಅವನು ಕಿರುಚಿದ. ಹೆಬ್ಬೆರಳಿನಿಂದ ರಕ್ತ ಚಿಮ್ಮಿತು, ಕೆಂಪಗೆ, ಬಿಸಿಯಾಗಿ, ಸಾಸೇಜಿನ ತಟ್ಟೆಯ ಮೇಲೆಲ್ಲ. ಬಕಲು ತನ್ನಷ್ಟಕ್ಕೆ ಬಿಚ್ಚಿಕೊಂಡಿತು.

ಗಾಸ್ಪಾರ್ ಅಳುತ್ತಿದ್ದ. ತುಟಿಯವರೆಗೆ ಬಂದ ಪದವನ್ನು ಅವನು ನಾಲಿಗೆ ಕಚ್ಚಿ ಹಿಡಿದ. ನಾಲಿಗೆಯಿಂದಲೂ ರಕ್ತ ಬಂತು.

"ಹೇಳ್ಬೇಡ," ಎಂದಳು ಲಿಯೋನಿ. "ಬೆಳ್ಳಿ ಇಲ್ಲದ ಗಡಿಯಾರ ಆ ಮನೇಲಿ ಇರಬಾರ್ದು. ಉಣ್ಣೆಬಟ್ಟೇಲಿ ಸುತ್ತಿಡು. ಹಿಮ ನಿಂತ ಮೇಲೆ ಬಂದು ಒಯ್ತೀನಿ."

ಹಿಮ ನಿಲ್ಲುವವರೆಗೂ ಅವನು ಮನೆಯೊಳಗೆ ಅತ್ತಿಂದಿತ್ತ ತಿರುಗಿದ. ಹೆಬ್ಬೆರಳಿಗೆ ನೊಯೆಮಿಯೇ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು. ಬೆರಳುಗಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ನೋಡಿದ. ಚಿಮುಟದಲ್ಲಿ ತಿರುಪು ಎತ್ತಿ ನೋಡಿದ. ಕೈ ಎತ್ತಿತು! ಇಷ್ಟು ದೊಡ್ಡ ಉಪಕಾರಕ್ಕೆ ಒಂದು ಮಾತೂ ಆಡದಿರುವುದು ಅವನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಉಣ್ಣೆಯ ಗಂಟಿನಿಂದ ಟಿಕ್‌ಟಿಕ್ ಕೇಳುತ್ತಲೇ ಇತ್ತು, ಯಾರೂ ಕೀ ಕೊಡದಿದ್ದರೂ.

ಲಿಯೋನಿ ಬಂದಳು. ಸೊಂಟದವರೆಗೆ ಹಿಮ ಹತ್ತಿದ ದಾರಿಯಲ್ಲಿ, ಕೋಲೂರಿಕೊಂಡು, ಏದುಸಿರು ಬಿಡುತ್ತ, ಈ ಸಲವೂ ಹೊಸ್ತಿಲಿನ ಆಚೆಯೇ ನಿಂತಳು. ಕೆನ್ನೆ ಚಳಿಗೆ ಒಡೆದಿತ್ತು. ಕೈ ಚಾಚಿ ಗಂಟನ್ನು ತೆಗೆದುಕೊಂಡಳು, ತನ್ನ ಎದೆಯ ಮೇಲೆ, ಶಾಲಿನೊಳಗೆ, ಯಾರದೋ ಕೂಸನ್ನು ಇಟ್ಟುಕೊಳ್ಳುವ ಹಾಗೆ ಇಟ್ಟುಕೊಂಡಳು.

"ನಮ್ಮಜ್ಜೀದು ನಮ್ಮ ಮನೇಲೇ ಇರ್ಲಿ. ನೀನು ಹೆದರ್ಬೇಡ ಮಗ."

ಮಗ ಎಂದಳು. ತಾನು ಸೊಂಟ ಬಗ್ಗಿಸಿ ಗೇಲಿ ಮಾಡಿದ್ದ ಮುದುಕಿ. ಗಾಸ್ಪಾರ್‌ನ ಕಣ್ಣು ತುಂಬಿತು. ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ಬಾಯಿಗೆ ತಿಳಿದಿದ್ದು ಒಂದೇ ದಾರಿ.

"ಮೆರ್ಸಿ," ಎಂದ. ಹುಟ್ಟಿದಂದಿನಿಂದ ಅವನು ಅದನ್ನು ಇಷ್ಟು ಮನಸಾರೆ ಅಂದಿರಲಿಲ್ಲ.

ಲಿಯೋನಿಯ ಮುಖ ಸುಣ್ಣವಾಯಿತು.

"ಅಯ್ಯೋ," ಎಂದಳು. ಅಷ್ಟೇ.

ಶಾಲಿನೊಳಗೆ ಟಿಕ್‌ಟಿಕ್ ನಿಂತಿತು. ಅವಳ ಕೈಯನ್ನು ಹಿಡಿದಿದ್ದ ಅವನ ಎಡಗೈಗೆ ಅವಳ ಬಿಸಿ ತಿಳಿಯದಾಯಿತು.

ಆಸ್ಪತ್ರೆಯಲ್ಲಿ ಅವನ ಎಡಗೈಯನ್ನು ಮೊಣಕೈಯ ಕೆಳಗೆ ಕೊಯ್ದು ತೆಗೆದರು, ಕಪ್ಪು ಹತ್ತಿ ನಿಂತಿದ್ದ ಗೆರೆಯಲ್ಲೇ. ಮೇಜು, ಚಿಮುಟ, ಭೂತಗನ್ನಡಿ ಎಲ್ಲವನ್ನೂ ನೊಯೆಮಿ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದಳು. ಪಟ್ಟಣಕ್ಕೆ ವಾಪಸ್ ಹೋಗೋಣವೆಂದರೆ ಅವನು ಒಪ್ಪಲಿಲ್ಲ. ಈಗಲೂ ಅಲ್ಲೇ ಇದ್ದಾನೆ. ಬೆಳಿಗ್ಗೆ ಬೇಕರಿಗೆ ಬರುತ್ತಾನೆ, ಅಂಗಿಯ ಖಾಲಿ ತೋಳನ್ನು ಪಿನ್ನಿನಿಂದ ಸಿಕ್ಕಿಸಿಕೊಂಡು. ಅಂಗಡಿಯವಳು ಬ್ರೆಡ್ಡನ್ನು ಅವನ ಕಂಕುಳಿಗೆ ಸಿಕ್ಕಿಸುತ್ತಾಳೆ, ಓಡಿಹೋಗಿ ಬಾಗಿಲು ತೆರೆಯುತ್ತಾಳೆ. ಅವನು ತುಟಿ ಬಿಗಿದುಕೊಂಡು, ಬಲಗೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು, ಅವಳ ಕಡೆ ನೋಡದೆ ಹೊರಟುಹೋಗುತ್ತಾನೆ.