ಮಗಳು ಎಂದು ಬರೆದವರು

"ಕೈ ತೆಗೀರಿ! ಅದನ್ನ ಮೊದಲು ನೋಡಿದ್ದು ನಾನು."

"ನೋಡಿದ್ದು ನೀವಿರಬಹುದು. ಹಿಡ್ಕೊಂಡಿರೋದು ನಾನು."

ರೆಡ್ರೂತ್ ಪಟ್ಟಣದ ದಾಖಲೆ ಭವನದಲ್ಲಿ ಜನ ಕೆಮ್ಮುವುದಕ್ಕೂ ಹೆದರುತ್ತಾರೆ. ಅಂಥ ಕಡೆ ಟ್ಯಾಮ್ಸಿನ್ ಮತ್ತು ಆ ಅಪರಿಚಿತ ಯುವಕ ನೂರು ವರ್ಷ ಹಳೆಯ ವ್ಯಾಪಾರಿಗಳ ಡೈರೆಕ್ಟರಿಯೊಂದನ್ನು ಎರಡೂ ಕಡೆಯಿಂದ ಹಿಡಿದು ನಿಂತಿದ್ದರು. ಅವನ ಕಣ್ಣಲ್ಲಿ ನಗು ಬೇರೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಒಟ್ಟಿಗೇ ನೋಡೋಣ ಬಿಡಿ," ಎಂದ ಅವನು. "ನನಗೆ ಬೇಕಿರೋದು ನ್ಯಾನ್‌ಕರ್ವಿಸ್ ಕಬ್ಬಿಣದ ಸಾಮಾನಿನ ಅಂಗಡಿ. ನಮ್ಮ ಮುತ್ತಾತನ ಕಾಲದ್ದು. ನಾನು ಜೋರಿ."

ನ್ಯಾನ್‌ಕರ್ವಿಸ್! ಟ್ಯಾಮ್ಸಿನ್ ಕೈ ತಾನಾಗಿ ಸಡಿಲವಾಯಿತು.

ಅವಳನ್ನು ಸಾಕಿ ಬೆಳೆಸಿದ ಹೆಸ್ಟರ್ ಅಜ್ಜಿ ಆ ಹೆಸರು ಕೇಳಿದರೆ ಕೆಂಡವಾಗುತ್ತಿದ್ದರು. ಅಜ್ಜಿಯ ತಾಯಿ ಲವ್ಡೇ ಅದೇ ಮನೆಯ ಮಗಳು. ಅಂಗಡಿಯನ್ನೆಲ್ಲ ಗಂಡುಮಕ್ಕಳ ಹೆಸರಿಗೆ ಮಾಡಿ, ಲವ್ಡೇ ಕೈಗೆ ಒಂದು ಹೊಲಿಗೆ ಯಂತ್ರ ಕೊಟ್ಟು ಸಾಗಹಾಕಿದರಂತೆ. ಆ ಅನ್ಯಾಯಕ್ಕೆ ಪುರಾವೆ ಹುಡುಕಲೆಂದೇ ಟ್ಯಾಮ್ಸಿನ್ ಬಂದಿದ್ದಳು.

ಪುಟ ತಿರುಗಿಸಿದರೆ ಸಿಕ್ಕಿದ್ದೇ ಬೇರೆ! ಫೋರ್ ಬೀದಿಯಲ್ಲಿ 'ನ್ಯಾನ್‌ಕರ್ವಿಸ್ ಮತ್ತು ಮಕ್ಕಳು, ಕಬ್ಬಿಣದ ಸಾಮಾನು'. ಅದೇ ಬಾಗಿಲ ಸಂಖ್ಯೆಗೆ, 'ಕುಮಾರಿ ಲವ್ಡೇ ನ್ಯಾನ್‌ಕರ್ವಿಸ್, ಹೊಲಿಗೆ'.

"ಹೊರಗೆ ಹಾಕಿದ್ರೆ ಅದೇ ಬಾಗಿಲಲ್ಲಿ ಅಂಗಡಿ ಹೇಗೆ ನಡೆಸ್ತಿದ್ಳು?" ಎಂದ ಜೋರಿ ಮೆಲ್ಲಗೆ, ಅವಳಿಂದ ಅಜ್ಜಿಯ ಕಥೆಯೆಲ್ಲ ಕೇಳಿದ ಮೇಲೆ.

ಉತ್ತರ ಹುಡುಕುವ ನೆಪದಲ್ಲಿ ಅವರು ಪ್ರತಿ ಶನಿವಾರ ಸೇರತೊಡಗಿದರು. ಹಳೇ ಜನಗಣತಿ ಓದಿ ಕಣ್ಣು ಸೋತರೆ ಹೊರಗಿನ ಬೆಂಚಿನಲ್ಲಿ ಮಾಂಸ, ಆಲೂಗಡ್ಡೆ ತುಂಬಿದ ಕಡುಬಿನಂಥ ಒಂದೇ ಪ್ಯಾಸ್ಟಿಯನ್ನು ಮುರಿದು ತಿನ್ನುವುದು. ದಪ್ಪ ಅಂಚು ಯಾವಾಗಲೂ ಅವಳಿಗೇ. ಹಾಗೆ ತಿನ್ನುತ್ತಾ ತಿನ್ನುತ್ತಾ ಪ್ರೀತಿ ಹುಟ್ಟಿಬಿಟ್ಟಿತು!

ಡೈರೆಕ್ಟರಿಯ ಸಂಗತಿ ಕೇಳಿಯೂ ಅಜ್ಜಿ ಮಾತ್ರ ಜಗ್ಗಲಿಲ್ಲ.

"ಮಗಳಿಗೆ ಹೊಲಿಯೋಕೆ ಒಂದು ಮೂಲೆ, ಗಂಡುಮಕ್ಕಳಿಗೆ ಇಡೀ ಅಂಗಡಿ! ಅದೇನು ದೊಡ್ಡ ಉಪಕಾರವೇನೇ? ಆ ಮನೆ ಹುಡುಗ ಈ ಹೊಸಿಲು ದಾಟಕೂಡದು."

ಅಜ್ಜಿಯ ಮನಸ್ಸು ನೋಯಿಸಿ ಮದುವೆಯಾಗುವುದು ಟ್ಯಾಮ್ಸಿನ್‌ಗೆ ಸಾಧ್ಯವೇ ಇರಲಿಲ್ಲ.

ಅಷ್ಟರಲ್ಲಿ ಜೋರಿ ಬದಲಾದ. 1911ರ ಜನಗಣತಿಯ ಪ್ರತಿ ತೆಗೆಸಿದವನು ಅದನ್ನು ತೋರಿಸಲೇ ಇಲ್ಲ. ಕೇಳಿದರೆ, "ಅದರಲ್ಲೇನಿಲ್ಲ ಬಿಡು..."

'ಇವನೂ ತನ್ನ ಮನೆತನದ ತಪ್ಪು ಮುಚ್ಚಿಡ್ತಿದ್ದಾನಾ?' ಅವನ ಚೀಲದಿಂದ ಕಾಗದವನ್ನು ಕಿತ್ತುಕೊಂಡೇಬಿಟ್ಟಳು.

"ಇಲ್ಲಿ ನೋಡು! ಲವ್ಡೇ, ಆರು ವರ್ಷ, ಮಗಳು! ಇದನ್ನೇ ಅಲ್ವಾ ಬಚ್ಚಿಟ್ಟಿದ್ದು? ಮಗಳಾಗಿದ್ದೂ ಪಾಲು ಕೊಡಲಿಲ್ಲ!"

ಜೋರಿ ಮುಖ ಸಣ್ಣದಾಯಿತು. ಕಾಗದದ ಮೇಲಿನ ಇನ್ನೊಂದು ಅಂಕಣವನ್ನು ಬೆರಳಿಟ್ಟು ತೋರಿಸಿದ. ಮನೆಯೊಡತಿ ಹೆತ್ತ ಮಕ್ಕಳೆಷ್ಟು ಎಂಬ ಪ್ರಶ್ನೆಗೆ ಉತ್ತರ ಮೂರು. ಕೆಳಗೆ ಮಕ್ಕಳ ಹೆಸರು ಮಾತ್ರ ನಾಲ್ಕು.

"ಹೆತ್ತ ಮೂವರು ಆ ಗಂಡುಮಕ್ಕಳೇ ಟ್ಯಾಮ್ಸಿನ್... ಲವ್ಡೇ ಆ ತಾಯಿ ಹೊಟ್ಟೇಲಿ ಹುಟ್ಟಿದವಳಲ್ಲ. ಎಲ್ಲಿಂದಲೋ ತಂದು ಸಾಕಿದ ಕೂಸು."

ಅವಳು ಆ ನಾಲ್ಕು ಹೆಸರುಗಳನ್ನು ಮತ್ತೆ ಎಣಿಸಿದಳು.

"ಯಾಕೆ ಹೇಳಲಿಲ್ಲ?"

"ತೊಂಬತ್ತು ದಾಟಿದ ಜೀವ ನಿನ್ನಜ್ಜಿ. ನೀವು ಆ ಮನೆಯವರೇ ಅಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ನನ್ನನ್ನ ಬೈದ್ರೂ ಬೈಯಲಿ ಅಂತ ಸುಮ್ಮನಾದೆ."

'ನನ್ನ ಅಜ್ಜಿಗೋಸ್ಕರ... ನನ್ನಿಂದಲೂ ಬೈಸಿಕೊಂಡನಲ್ಲ!' ಅವಳ ಕಣ್ಣು ತುಂಬಿತು. ಅವನ ಕೈ ಹಿಡಿದು ನೇರವಾಗಿ ಮನೆಗೆ ಕರೆತಂದಳು. ಅಜ್ಜಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ಅಜ್ಜಿಯ ಕೈಯಲ್ಲಿದ್ದ ಚಹಾ ಆರಿಹೋಯಿತು.

"ಹಾಗಾದ್ರೆ... ನಾನು ಯಾರ ಪೈಕಿ?"

"ನಮ್ಮ ಪೈಕಿ," ಎಂದ ಜೋರಿ ತಕ್ಷಣ. "ಬರೆದುಕೊಟ್ಟಿದ್ದಾರಲ್ಲ, ಮಗಳು ಅಂತ."

ಅಜ್ಜಿ ಕಾಗದದಲ್ಲಿದ್ದ ಆ ಒಂದು ಪದದ ಮೇಲೆ ಬೆರಳಾಡಿಸಿದರು.

"ಸಾಕಿದ ಕೂಸು ಅಂತ ಬರೀಬಹುದಿತ್ತು. ಕೆಲಸದವಳು ಅಂತಲೂ ಬರೀಬಹುದಿತ್ತು, ಯಾರು ಕೇಳ್ತಿದ್ರು? ಹೆಸರು ಕೊಟ್ರು, ಕಸುಬು ಕೊಟ್ರು, ಕೂತು ಹೊಲಿಯೋಕೆ ಜಾಗ ಕೊಟ್ರು... ನಮ್ಮಮ್ಮ ಅವರನ್ನ ಒಂದು ದಿನವೂ ದೂರಿದವಳಲ್ಲ ಕಣೇ. ದೂರಿದ್ದೆಲ್ಲ ನಾನೇ!" ಅಜ್ಜಿ ಬಿಕ್ಕಿದರು. "ನಾಳೆ ಅಮ್ಮನ್ನ ಸಾಕಿದವರ ಸಮಾಧಿ ಹತ್ರ ನನ್ನನ್ನ ಕರ್ಕೊಂಡು ಹೋಗೋ ಜೋರಿ. ಥ್ಯಾಂಕ್ಸ್ ಅನ್ನದೇ ಇಷ್ಟು ವರ್ಷ ಬದುಕಿಬಿಟ್ಟೆ."

"ಬೆಳಿಗ್ಗೇನೇ ಬರ್ತೀನಿ ಅಜ್ಜಿ."

"ಹೂಂ. ಅದಕ್ಕೆ ಮುಂಚೆ ಇವಳನ್ನ ಕೇಳೋದಿದ್ರೆ ಕೇಳಿಬಿಡು. ಎಷ್ಟು ಹೊತ್ತು ಹಾಗೆ ಕಂಬದ ಥರ ನಿಂತಿರ್ತೀಯ?"

ಜೋರಿ ಕಿವಿಯವರೆಗೂ ಕೆಂಪಾದ. ಟ್ಯಾಮ್ಸಿನ್ ಎದುರು ಮಂಡಿಯೂರಿದ.

"ನನ್ನನ್ನ ಮದುವೆ ಆಗ್ತೀಯಾ?"

"ನಂಗೆ ನೋವಾಗುತ್ತೆ ಅಂತ ಇನ್ಯಾವತ್ತೂ ಏನನ್ನೂ ಮುಚ್ಚಿಡಬಾರದು."

"ಇಡಲ್ಲ."

"ನೋವಾದ್ರೆ ಒಟ್ಟಿಗೇ ಅಳೋಣ."

"ಅಳೋಣ. ಈಗ ಉತ್ತರ ಹೇಳೇ ಮಾರಾಯ್ತಿ..."

"ಹೂಂ," ಎಂದಳು ಅವಳು, ಉಸಿರಿನಷ್ಟು ಮೆತ್ತಗೆ.

"ಜೋರಾಗಿ ಹೇಳೇ, ನಂಗೆ ಕೇಳಿಸಲಿಲ್ಲ!" ಎಂದರು ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ.

"ಹೂಂ ಅಜ್ಜೀ... ಹೂಂ ಅಂದೆ!"