ಮೊಳೆ ತೊಳೆಯುವವಳಿಗೆ ಬಂದ ಕಾಗದ

"ನೋಡ್ಕೊಂಡು ನಡೀಬಾರ್ದಾ?"

ಅವಳ ತಟ್ಟೆಯಲ್ಲಿದ್ದ ಅಚ್ಚುಮೊಳೆಗಳೆಲ್ಲ ನೆಲದ ಪಾಲಾಗಿದ್ದವು. ಡಿಕ್ಕಿ ಹೊಡೆದವನು, ಮೊಳೆ ಜೋಡಿಸಲು ಅಂದೇ ಕೆಲಸಕ್ಕೆ ಸೇರಿದ್ದ ಕಂಪೋಸಿಟರ್.

ಯಂತ್ರವನ್ನು ಕಾಲಿನಿಂದ ತುಳಿದು ಅಚ್ಚು ಹಾಕುತ್ತಿದ್ದ ಕಾಲ ಅದು. ಅವಳು ಕುಕ್ಕರುಗಾಲಲ್ಲಿ ಕೂತು, ಸೀಸದ ಒಂದೊಂದು ಅಕ್ಷರವನ್ನೂ ಹೆಕ್ಕಿ ಅದರದರ ಖಾನೆಗೆ ಹಾಕತೊಡಗಿದಳು. ವಯಸ್ಸು ಹತ್ತೊಂಬತ್ತು. ಸುಸ್ತು ಮಾತ್ರ ಮುದುಕಿಯದು.

"ತಪ್ಪು ನನ್ನದೇ," ಅವನೂ ಕೂತ. "ಎಷ್ಟು ಬೇಗ ಗುರುತು ಹಿಡೀತೀರಿ... ಓದೋಕೆ ಬರುತ್ತಾ ನಿಮಗೆ?"

ನಿಮಗೆ...

ಒಂಬತ್ತನೇ ವಯಸ್ಸಿನಿಂದ ಸೀಮೆಎಣ್ಣೆಯಲ್ಲಿ ಮೊಳೆಗಳ ಮಸಿ ತೊಳೆಯುತ್ತಿದ್ದವಳನ್ನು ಆ ಪ್ರೆಸ್ಸಿನಲ್ಲಿ ಎಲ್ಲರೂ ಕೂಗುತ್ತಿದ್ದುದು 'ಏ ಸೀಮೆಎಣ್ಣೆ' ಎಂದೇ.

"ಬರುತ್ತೆ," ಎಂದುಬಿಟ್ಟಳು.

ಅದು ಅರ್ಧ ಸುಳ್ಳು.

ಅಂದಿನಿಂದ ಊಟದ ಬಿಡುವಿನಲ್ಲಿ ಅವನು ಅಚ್ಚಾಗಬೇಕಾದ ಬರಹವನ್ನು ಓದಿ ಹೇಳುತ್ತಿದ್ದ, ಅವಳು ಮೊಳೆ ಜೋಡಿಸಿ ಕೆಲಸ ಕಲಿಯುತ್ತಿದ್ದಳು. ತೊಳೆಯುವ ಕೂಲಿ ಹೊಟ್ಟೆಗೆ ಸಾಲದು; ಕಂಪೋಸಿಟರ್ ಆಗದಿದ್ದರೆ ಅವಳಿಗೆ ಉಳಿದಿದ್ದು ಚಿಕ್ಕಮ್ಮನ ಚಿಂದಿ ಗೋದಾಮು ಒಂದೇ. ಅಲ್ಲಿಗೆ ಮತ್ತೆ ಹೋಗಲಾರೆ... ಎಂದುಕೊಂಡೇ ಅವಳು ದಿನಾ ಏಳುತ್ತಿದ್ದಳು.

ಒಂದು ದಿನ ತಟ್ಟೆಯಡಿ ಮಡಿಸಿದ ಕಾಗದವೊಂದು ಸಿಕ್ಕಿತು. ಅವನ ಕೈಬರಹ.

ಹನ್ನೆರಡು ದಿನ ಅವಳು ಉತ್ತರ ಕೊಡಲಿಲ್ಲ. ಅವನು ಓದಿ ಹೇಳುವುದನ್ನು ನಿಲ್ಲಿಸಿದ. ಹದಿಮೂರನೇ ದಿನ ಚೀಲ ಕಟ್ಟಿಕೊಂಡು ಬಂದ.

"ಬೇರೆ ಪ್ರೆಸ್ಸಿಗೆ ಹೊರಟೆ. ಇಷ್ಟ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ನಾನು ಅದನ್ನ ಓದಿಲ್ಲ."

"ಅಷ್ಟು ಬೇಡವಾದ್ನಾ?"

"ಓದೋಕೆ ಬರಲ್ಲ. ನಾನು ಕಲಿತಿದ್ದು ಮೊಳೆ ನೋಡಿ. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರೋ ಅಕ್ಷರ ಮಾತ್ರ ಗೊತ್ತು... ಕಾಗದಾನ ಹಿಂಬದಿಯಿಂದ ಬೆಳಕಿಗೂ ಹಿಡಿದೆ. ನಿಮ್ಮ ಬರಹ ಬರೀ ಕಾಗೆ ಕಾಲು ಗುಬ್ಬಿ ಕಾಲು."

ಅವನು ಬಾಗಿಲ ಕಡೆ ನೋಡಿದ. ಈಗ ಹೋಗೇಬಿಡ್ತಾರೆ, ಎಂದುಕೊಂಡಳು.

ಅವನು ಚೀಲ ಕೆಳಗಿಟ್ಟ. ಮೊಳೆ ಜೋಡಿಸುವ ಪಟ್ಟಿ ಕೈಗೆತ್ತಿಕೊಂಡ. ಕಾಗದದಲ್ಲಿ ಬರೆದಿದ್ದ ಮಾತುಗಳೇ ಟಕ್, ಟಕ್ ಎಂದು ಮೊಳೆಯ ಸಾಲುಗಳಾದವು. ಅವಳು ಬೆರಳಿಟ್ಟು ಓದಿದಳು.

'ಹೊಸ ಪ್ರೆಸ್ಸಿಗೆ ಇಬ್ಬರು ಬೇಕಂತೆ. ನಿಮ್ಮ ಬಗ್ಗೆಯೂ ಹೇಳಿದ್ದೇನೆ. ಕೆಲಸ ನಿಮ್ಮದೇ. ನನ್ನನ್ನು ಮದುವೆಯಾಗುವುದು, ಬಿಡುವುದು ನಿಮ್ಮಿಷ್ಟ.'

ಸಾಲುಗಳು ಕಣ್ಣಲ್ಲಿ ಮಂಜಾದವು.

"ಅಲ್ಲಿ ಯಾರೂ ಓದಿ ಹೇಳಲ್ಲ. ನೇರ ಅಕ್ಷರ ಕಲೀಬೇಕು ನಾನು."

"ಕಲಿಸ್ತೀನಿ."

"ನಿಮ್ಮ ಕೈಬರಹದಲ್ಲಿ ಬೇಡ."

ಅವನು ನಕ್ಕ. ಅವಳು ನಗಲಿಲ್ಲ, ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡು, ಕೊನೆಯ ಸಾಲಿನ ಕೆಳಗೆ ನಿಧಾನವಾಗಿ ಮೊಳೆ ಜೋಡಿಸಿದಳು.

'ಎರಡಕ್ಕೂ ಒಪ್ಪಿಗೆ.'

ಅವನು ಬಗ್ಗಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಕೈ ಚಾಚಿದ.

ಅವಳು ತನ್ನ ಕೈ ಹಿಂದಕ್ಕೆಳೆದುಕೊಂಡಳು. "ಎಷ್ಟು ತೊಳೆದ್ರೂ ಸೀಮೆಎಣ್ಣೆ ವಾಸನೆ ಹೋಗಲ್ಲ."

"ಇರಲಿ ಕೊಡಿ. ನನ್ನ ಕೈಗೂ ಅದೇ ವಾಸನೆ."