ಕಾನ್‌ಸ್ಟಾಂಟಿನೋಪಲಿನ ಕುರುಡು ದೊರೆ

೧೯೯೬ರಲ್ಲಿ ಗಲ್ಫಿನ ಮುಐದರ್ ಎಂಬಲ್ಲಿನ ವಿಲ್ಲಾವೊಂದರಲ್ಲಿ ನಾನು ಮನೆಗೆಲಸಕ್ಕಿದ್ದೆ. ಅಲ್ಲಿನ ಗೋಡೆಯಲ್ಲಿ, ಹಳೆಯ ಮರದ ಹಲಗೆಯ ಮೇಲೆ ಬರೆದ ದೊರೆಯೊಬ್ಬನಿದ್ದ. ಅವನ ಕಣ್ಣುಗಳನ್ನು ಯಾರೋ ಕೆರೆದು ತೆಗೆದಿದ್ದರು.

"ಕಾನ್‌ಸ್ಟಾಂಟಿನೋಪಲಿನ ರಾಜನಂತೆ ಮಾರಾಯ್ತಿ. ಪಟ್ಟದಿಂದ ಇಳಿಸಿ ಕಣ್ಣು ಕಿತ್ರಂತೆ," ಎಂದರು ಅಡುಗೆಯ ಖೈರುನ್ನಿಸಕ್ಕ. "ನೀನು ಮುಟ್ಬೇಡ. ಮೇಡಂ ನೋಡಿದ್ರೆ ನಿನ್ನ ವೀಸಾ ಖಲಾಸ್!"

ಅಜ್ಜಿಯ ಕಥೆಗಳಲ್ಲಿ ಕುರುಡು ರಾಜಕುಮಾರರಿಗೆ ಕಣ್ಣು ಮರಳುತ್ತಿತ್ತು. ಒಂದು ಮಧ್ಯಾಹ್ನ, ನೆಲ ಒರೆಸಿ ಸೋತು ಅವನೆದುರು ಕುಳಿತವಳು, ಕನಿಕರ ತಾಳಲಾರದೆ ಆ ಗುಳಿಗಳಿಗೆ ನಾನು ಕಣ್ಣಿಗಿಡುವ ಸುರುಮದ ಕಪ್ಪುಪುಡಿ ಹಚ್ಚಿಬಿಟ್ಟೆ. ಎಸಿ ಕೆಟ್ಟಿದ್ದರೂ ಹಲಗೆ ಮಂಜಿನಷ್ಟು ತಣ್ಣಗಿತ್ತು. ಒಣ ಸುರುಮ ಒದ್ದೆಯಾಗಿ ಅವನ ಕೆನ್ನೆಗಿಳಿಯಿತು. ಎಷ್ಟು ಒರೆಸಿದರೂ ಹೋಗಲಿಲ್ಲ.

ಸಂಜೆ ಮೇಡಂ ಬಂದರು. ಕೆಲಸ ಹೋಯಿತೆಂದೇ ನಾನು ಅಂದುಕೊಂಡೆ. ಅವರು ಹಲಗೆಯ ಮೇಲಿನ ದೊರೆಯ ಮುಖ ನೋಡಿದರು. ಹೆಂಗಸರಷ್ಟೇ ಇದ್ದ ಆ ಕೋಣೆಯಲ್ಲಿ, ಪರಗಂಡಸು ಎದುರಾದವರಂತೆ, ತಟ್ಟನೆ ಮುಖಕ್ಕೆ ಮುಸುಕೆಳೆದುಕೊಂಡರು.